ಓವನ್ ಬೇಡದ ಸ್ನ್ಯಾಕ್ ಬಾರ್: ಬೆಲ್ಲದ ಪಾಕವೋ, ಖರ್ಜೂರವೋ, ಜೇನೋ, ತುಪ್ಪವೋ?

ಮನೆಯಲ್ಲಿ ಸ್ನ್ಯಾಕ್ ಬಾರ್ ಮಾಡಬೇಕು ಅಂದ ಕೂಡಲೇ ಎಲ್ಲರೂ ಮೊದಲು ಯೋಚಿಸುವುದು ಒಳಗೆ ಏನು ಹಾಕೋಣ ಅಂತ. ಬಾದಾಮಿನಾ, ಶೇಂಗಾನಾ, ಓಟ್ಸಾ? ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, ಇದನ್ನೆಲ್ಲ ಒಟ್ಟಿಗೆ ಹಿಡಿದು ನಿಲ್ಲಿಸುವುದು ಯಾವುದು ಅಂತ. ಬೆಲ್ಲದ ಪಾಕ, ಖರ್ಜೂರ, ಪೀನಟ್ ಬಟರ್ ಸೇರಿಸಿದ ಜೇನುತುಪ್ಪ, ಇಲ್ಲವೇ ತುಪ್ಪ. ಮನೆಯಲ್ಲಿ ಸುಲಭವಾಗಿ ಕೈಗೆ ಸಿಗುವುದು ಈ ನಾಲ್ಕು. ಬಾರ್ ಎಷ್ಟು ಹೊತ್ತಿಗೆ ತಯಾರಾಗುತ್ತದೆ, ಎಷ್ಟು ದಿನ ಕೆಡದೆ ಇರುತ್ತದೆ, ಬೇಸಿಗೆಯಲ್ಲಿ ಕರಗುತ್ತದಾ, ಅಜ್ಜನ ಹಲ್ಲಿಗೆ ಆಗುತ್ತದಾ, ಒಂದು ತುಂಡಿನಲ್ಲಿ ಎಷ್ಟು ಸಕ್ಕರೆ ಹೊಟ್ಟೆಗೆ ಹೋಗುತ್ತದೆ, ಇವೆಲ್ಲ ನಿರ್ಧಾರವಾಗುವುದು ಅಲ್ಲೇ.

ಓವನ್ ಇಲ್ಲ ಅಂತ ಚಿಂತೆ ಬೇಡ. ಚಿಕ್ಕಿ, ಎಳ್ಳುಂಡೆ, ತಂಬಿಟ್ಟು, ಗೋಕಾಕ ಮತ್ತು ಅಮೀನಗಡದ ಕರದಂಟು ಯಾವುದಕ್ಕೂ ಓವನ್ ಬೇಕಾಗಿರಲಿಲ್ಲ. ಉಂಡೆ ಕಟ್ಟುವ ಬದಲು ತಟ್ಟೆಗೆ ಒತ್ತಿ ಉದ್ದುದ್ದ ಕತ್ತರಿಸಿದರೆ ಅದೇ ಬಾರ್. ಕರದಂಟು ಮಾತ್ರ ಇಲ್ಲಿ ಹೋಲಿಕೆಗೆ ತಂದಿಲ್ಲ. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಬೇರೆ ಬೇರೆಯಾಗಿ ತುಪ್ಪದಲ್ಲಿ ಕರಿದು, ಹುರಿದು ಮಾಡುವ ತಿಂಡಿ ಅದು. ರುಚಿಯಲ್ಲಿ ಅದಕ್ಕೆ ಎದುರಿಲ್ಲ. ಆದರೆ ಬಾಣಂತಿಗೆ, ಹಬ್ಬಕ್ಕೆ, ಚಳಿಗಾಲಕ್ಕೆ ಪುರುಸೊತ್ತಿನಲ್ಲಿ ಮಾಡಬೇಕಾದ್ದು. ವಾರದ ಮಧ್ಯೆ ಅರ್ಧ ಗಂಟೆಯಲ್ಲಿ ಆಗುವ ಕೆಲಸ ಅಲ್ಲ.

ಮೊದಲು ಹುರಿಯುವ ಕೆಲಸ

ನಾಲ್ಕರಲ್ಲಿ ಯಾವುದನ್ನೇ ಆರಿಸಿ, ಬೀಜಗಳನ್ನು ಮೊದಲು ಹುರಿದುಕೊಳ್ಳಿ. ಹಸಿಯಾಗಿ ಹಾಕಿದರೆ ರುಚಿ ಸಪ್ಪೆ, ಬಾರ್ ಬೇಗ ಮೆತ್ತಗೂ ಆಗುತ್ತದೆ. ಕಾಲು ಕೆಜಿ ಶೇಂಗಾಕ್ಕೆ ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಬೇಕು. ಅವಸರಕ್ಕೆ ಉರಿ ಜಾಸ್ತಿ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಸಿಪ್ಪೆ ಅಲ್ಲಲ್ಲಿ ಬಿರಿದು ಘಮ ಬಂದಾಗ ಒಂದು ಬೀಜ ತೆಗೆದು ಆರಿಸಿ ಕಚ್ಚಿ ನೋಡಿ. ಬಿಸಿಯಲ್ಲಿ ಶೇಂಗಾ ಯಾವಾಗಲೂ ಮೆತ್ತಗೇ ಇರುತ್ತದೆ, ಆರಿದ ಮೇಲೆಯೇ ಅದರ ಗರಿ ಗೊತ್ತಾಗುವುದು. ಎಳ್ಳಿಗೆ ಮೂರು ನಾಲ್ಕು ನಿಮಿಷ ಸಾಕು. ಚಟಪಟ ಅಂದ ಕೂಡಲೇ ಬೇರೆ ತಟ್ಟೆಗೆ ಸುರಿದುಬಿಡಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೂ ಆ ಬಿಸಿಗೇ ಕಹಿಯಾಗುತ್ತದೆ. ಅಗಸೆ ಬೀಜ ಹಾಕುವುದಾದರೆ ಹುರಿದು, ತರಿಯಾಗಿ ಪುಡಿ ಮಾಡಿ ಹಾಕಿ. ಅದರ ಸಿಪ್ಪೆ ಗಟ್ಟಿ. ಇಡಿಯಾಗಿ ನುಂಗಿದರೆ ಹೆಚ್ಚಿನದು ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ.

ಹುರಿಯುವ ಮೊದಲು ಶೇಂಗಾ ಆರಿಸುವುದನ್ನು ಬಿಡಬೇಡಿ. ಮುರುಟಿದ್ದು, ಬಣ್ಣ ತಿರುಗಿದ್ದು, ಬೂಷ್ಟು ಹಿಡಿದದ್ದು ಸಿಕ್ಕರೆ ಎಸೆಯಿರಿ. ಆ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಬರುತ್ತದೆ. ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಆರೋಗ್ಯಕ್ಕೆ ಅಂತಲೇ ಬಾರ್ ಮಾಡುವಾಗ ಈ ಐದು ನಿಮಿಷ ಕೊಡಲೇಬೇಕು.

ಖರ್ಜೂರ: ಎಲ್ಲಕ್ಕಿಂತ ಬೇಗ

ಮೊದಲ ಸಲ ಬಾರ್ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಪಾಕದ ಹದ ನೋಡಬೇಕಿಲ್ಲ, ಕೈ ಸುಡುವ ಭಯವಿಲ್ಲ. ಬೀಜ ಹುರಿದು ಇಟ್ಟುಕೊಂಡಿದ್ದರೆ 20 ನಿಮಿಷದಲ್ಲಿ ಮುಗಿಯುತ್ತದೆ.

ಬೀಜ ತೆಗೆದ ಮೆತ್ತನೆಯ ಖರ್ಜೂರ 200 ಗ್ರಾಂ, ಹುರಿದ ಬೀಜಗಳು 150 ಗ್ರಾಂ, ಒಂದು ಚಿಟಿಕೆ ಉಪ್ಪು, ಸ್ವಲ್ಪ ಏಲಕ್ಕಿ. ಇಷ್ಟೇ. ಬೀಜಗಳಲ್ಲಿ ಅರ್ಧ ಬಾದಾಮಿ, ಅರ್ಧ ಶೇಂಗಾ ಹಾಕಬಹುದು. ಸಿಹಿಗುಂಬಳದ ಬೀಜ, ಸೂರ್ಯಕಾಂತಿ ಬೀಜ, ಎಳ್ಳು ಯಾವುದಾದರೂ ಆಗುತ್ತದೆ. ಮೊದಲು ಬೀಜಗಳನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಮಾಡಿ ತೆಗೆದಿಡಿ. ಆಮೇಲೆ ಖರ್ಜೂರವನ್ನು ಮಿಕ್ಸಿಗೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಖರ್ಜೂರ ಬ್ಲೇಡಿಗೆ ಮೆತ್ತಿಕೊಂಡು ಮೋಟರ್ ಬಿಸಿಯಾಗುತ್ತದೆ. ಖರ್ಜೂರ ಗಟ್ಟಿ ಅನಿಸಿದರೆ ಬಾಣಲೆಯಲ್ಲಿ ಒಂದು ಚಮಚ ತುಪ್ಪ ಹಾಕಿ ಎರಡು ನಿಮಿಷ ಬಾಡಿಸಿ, ಸಟ್ಟುಗದಿಂದ ಹಿಸುಕಿದರೆ ಮಿಕ್ಸಿಯೇ ಬೇಡ. ಎರಡನ್ನೂ ಕೈಯಿಂದ ನಾದಿ, ಬಟರ್ ಪೇಪರ್ ಹಾಸಿದ ತಟ್ಟೆಗೆ ಒತ್ತಿ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕತ್ತರಿಸಿ. ಸುಮಾರು 14 ತುಂಡು ಬರುತ್ತದೆ.

ಇಲ್ಲಿ ಎಲ್ಲವೂ ಖರ್ಜೂರದ ಆಯ್ಕೆಯಲ್ಲಿದೆ. ಡಬ್ಬಿಯಲ್ಲಿ ಬರುವ ಕಪ್ಪಗಿನ ಕಿಮಿಯಾ ಖರ್ಜೂರ ತುಂಬಾ ಮೆತ್ತಗಿರುತ್ತದೆ, ನೀರಿನಂಶ ಜಾಸ್ತಿ. ಬಾರ್ ಸುಲಭವಾಗಿ ಕೂಡಿಕೊಳ್ಳುತ್ತದೆ, ಆದರೆ ಫ್ರಿಜ್ ಬೇಕೇ ಬೇಕು. ಸಾಧಾರಣ ಪ್ಯಾಕೆಟ್ ಖರ್ಜೂರ ಸ್ವಲ್ಪ ಗಟ್ಟಿ, ಬೆಲೆ ಕಡಿಮೆ, ಬಾರ್‌ಗೆ ನನಗೆ ಇದೇ ಸರಿ. ಮೆಡ್ಜೂಲ್ ತಂದು ಅರೆಯುವುದು ದುಡ್ಡು ದಂಡ, ಅದನ್ನು ಹಾಗೇ ತಿನ್ನಿ. ಉತ್ತತ್ತಿಯಿಂದ ಬಾರ್ ನಿಲ್ಲುವುದಿಲ್ಲ. ನೆನೆಸಿ ಅರೆದರೆ ನೀರು ಸೇರಿ ಮೂರು ನಾಲ್ಕು ದಿನಕ್ಕೇ ಹುಳಿ ವಾಸನೆ ಬರುತ್ತದೆ.

ಖರ್ಜೂರದ ಬಾರ್ ಡಬ್ಬಿಯಲ್ಲಿ ಹೊರಗೆ ಒಂದು ವಾರ, ಫ್ರಿಜ್‌ನಲ್ಲಿ ಎರಡು ಮೂರು ವಾರ ಚೆನ್ನಾಗಿರುತ್ತದೆ. ಮೆತ್ತಗಿರುವುದರಿಂದ ವಯಸ್ಸಾದವರಿಗೂ ಒಗ್ಗುತ್ತದೆ. ಕಟುಂ ಅನ್ನುವ ಗರಿ ಬೇಕು ಅನ್ನುವವರಿಗೆ ಮಾತ್ರ ಇದು ಹಿಡಿಸುವುದಿಲ್ಲ. ಪುರಿ, ಅವಲಕ್ಕಿ ಸೇರಿಸಿ ಗರಿ ತರಲು ಹೋದರೆ ಖರ್ಜೂರದ ತೇವಕ್ಕೆ ಮಾರನೇ ದಿನವೇ ಅವೂ ಮೆತ್ತಗಾಗುತ್ತವೆ.

ಬೆಲ್ಲದ ಪಾಕ: ಹದ ಸಿಕ್ಕರೆ ಇದಕ್ಕೆ ಸಮ ಇಲ್ಲ

ಅತಿ ಅಗ್ಗ, ಅತಿ ಹೆಚ್ಚು ದಿನ ಬಾಳುವುದು, ಪ್ರಯಾಣಕ್ಕೆ ಅತಿ ಒಳ್ಳೆಯದು ಚಿಕ್ಕಿಯೇ. ಆದರೆ ಇದಕ್ಕೆ ಹದ ಗೊತ್ತಿರಬೇಕು. ಹದ ತಪ್ಪುವುದು ಎಲ್ಲಿ ಅನ್ನೋದು ತಿಳಿದರೆ ಕಷ್ಟವೇನಿಲ್ಲ.

250 ಗ್ರಾಂ ಹುರಿದ ಶೇಂಗಾಕ್ಕೆ 200 ಗ್ರಾಂ ಬೆಲ್ಲ. ಶೇಂಗಾ ಸಿಪ್ಪೆ ತೆಗೆದು ಎರಡು ಹೋಳಾಗಿರಲಿ. ಇಡೀ ಬೀಜಕ್ಕಿಂತ ಹೋಳು ಪಾಕಕ್ಕೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ತೆಳ್ಳಗೆ ಲಟ್ಟಿಸಲೂ ಬರುತ್ತದೆ. ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ ಸೋಸಿ, ಮತ್ತೆ ಒಲೆಗಿಡಿ. ಇಲ್ಲಿಂದ ಮುಂದೆ ಒಲೆ ಬಿಟ್ಟು ಕದಲಬಾರದು.

ಪಾಕ ನೊರೆಯೆದ್ದು, ಬಣ್ಣ ಗಾಢವಾಗಿ, ಗುಳ್ಳೆಗಳು ನಿಧಾನವಾಗುತ್ತಾ ಬರುತ್ತವೆ. ಬಟ್ಟಲಿನ ತಣ್ಣೀರಿಗೆ ಒಂದು ಹನಿ ಬಿಡಿ. ಕರಗಿ ಹರಡಿದರೆ ಏನೂ ಆಗಿಲ್ಲ. ಬೆರಳಲ್ಲಿ ಮೆತ್ತನೆ ಉಂಡೆಯಾದರೆ ಅದು ಎಳ್ಳುಂಡೆ, ಶೇಂಗಾ ಉಂಡೆ ಕಟ್ಟುವ ಹದ. ಆ ಹಂತದಲ್ಲಿ ಪಾಕದ ಬಿಸಿ 115 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಚಿಕ್ಕಿಗೆ ಅದು ಸಾಲದು. ನೀರಿನಿಂದ ತೆಗೆದ ತುಣುಕನ್ನು ತಟ್ಟೆಗೆ ಹಾಕಿದರೆ ಟಣ್ ಅನ್ನಬೇಕು, ಬಗ್ಗಿಸಿದರೆ ಬಾಗದೆ ಪಟ್ಟನೆ ಮುರಿಯಬೇಕು. ಆಗ ಪಾಕ 145 ಡಿಗ್ರಿಯ ಹತ್ತಿರ ಬಂದಿರುತ್ತದೆ. ಮೊದಲ ಹದದಿಂದ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಪಾಕದಲ್ಲಿದ್ದ ನೀರೆಲ್ಲ ಬಹುತೇಕ ಆವಿಯಾಗಿ ಹೋಗಿರುತ್ತದೆ. ಅದಕ್ಕೇ ಚಿಕ್ಕಿ ಗರಿ, ಅದಕ್ಕೇ ಅದು ಕೆಡುವುದಿಲ್ಲ. ನಡುವೆ ಇಳಿಸಿಬಿಟ್ಟರೆ ಚಿಕ್ಕಿ ಹಲ್ಲಿಗೆ ಅಂಟುತ್ತದೆ. ಇನ್ನೂ ಅರ್ಧ ನಿಮಿಷ ಬಿಟ್ಟರೆ ಸೀದು ಕಹಿ. ಹದ ಬಂದ ಕ್ಷಣ ಒಲೆ ಆರಿಸಿ, ಚಿಟಿಕೆ ಅಡುಗೆ ಸೋಡಾ ಹಾಕಿ ತಿರುವಿ. ಸೋಡಾದಿಂದ ಸಣ್ಣ ಸಣ್ಣ ಗಾಳಿಗುಳ್ಳೆ ಬಂದು ಚಿಕ್ಕಿ ಸುಲಭವಾಗಿ ಮುರಿಯುವಂತಾಗುತ್ತದೆ. ಶೇಂಗಾ ಸುರಿದು, ಎಣ್ಣೆ ಸವರಿದ ಕಲ್ಲಿನ ಮೇಲೋ ತಟ್ಟೆಯ ಹಿಂಬದಿಗೋ ಹಾಕಿ ಲಟ್ಟಣಿಗೆಯಿಂದ ಲಟ್ಟಿಸಿ, ಬಿಸಿ ಇರುವಾಗಲೇ ಚಾಕುವಿನಲ್ಲಿ ಗೆರೆ ಎಳೆಯಿರಿ. ಆರಿದ ಮೇಲೆ ಕತ್ತರಿಸಲು ಹೋದರೆ ಚೂರು ಚೂರು.

ಬೆಲ್ಲವೂ ಎಲ್ಲ ಒಂದೇ ಥರ ಇರುವುದಿಲ್ಲ. ತೇವ ಹಿಡಿದ ಹಳೇ ಬೆಲ್ಲ ಎಷ್ಟು ಕುದಿಸಿದರೂ ಅಂಟಂಟಾಗಿಯೇ ಉಳಿಯುತ್ತದೆ. ಕಿರಾಣಿ ಅಂಗಡಿಯಲ್ಲಿ ಚಿಕ್ಕಿ ಬೆಲ್ಲ ಅಂತಲೇ ಕೇಳಿದರೆ ಕೊಡುತ್ತಾರೆ. ಸಿಗದಿದ್ದರೆ ಗಟ್ಟಿಯಾಗಿ ಒಣಗಿದ ಹೊಸ ಬೆಲ್ಲ ತನ್ನಿ. ಮಲೆನಾಡಿನ ಜೋನಿ ಬೆಲ್ಲ, ಅಂದರೆ ಗಟ್ಟಿಯಾಗದ ದ್ರವ ಬೆಲ್ಲ, ಇದಕ್ಕೆ ಬೇಡ. ಅದರ ಜಾಗ ಬೇರೆ ಇದೆ, ಮುಂದೆ ಹೇಳುತ್ತೇನೆ.

ಶೇಂಗಾ ಜಾಗದಲ್ಲಿ ಅಷ್ಟೇ ತೂಕದ ಎಳ್ಳು ಹಾಕಿದರೆ ಎಳ್ಳಿನ ಚಿಕ್ಕಿ. ಆರೋಗ್ಯದ ದೃಷ್ಟಿಯಿಂದ ಈ ಪಟ್ಟಿಯಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಕಾರಣ ಕ್ಯಾಲ್ಸಿಯಂ. ಸಿಪ್ಪೆ ಸಹಿತ ಎಳ್ಳಿನಲ್ಲಿ 100 ಗ್ರಾಂಗೆ ಒಂದು ಸಾವಿರ ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. 25 ಗ್ರಾಂ ತೂಕದ ಒಂದು ತುಂಡಿನಲ್ಲಿ ಎಳ್ಳೇ 14 ಗ್ರಾಂ ಇರುತ್ತದೆ, ಅಂದರೆ 130 ಮಿಲಿಗ್ರಾಂ ಮೇಲೆ. ಎಳ್ಳಿನ ಸಿಪ್ಪೆಯಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಎಂಬ ಅಂಶ ಇರುವುದರಿಂದ ಅಷ್ಟೂ ದೇಹಕ್ಕೆ ಸೇರುವುದಿಲ್ಲ. ಹಾಗಿದ್ದರೂ ಒಂದು ತುಂಡು ತಿಂಡಿಗೆ ಇದು ದೊಡ್ಡ ಪಾಲೇ.

ಒಂದು ಎಚ್ಚರಿಕೆ. ಬಿಸಿ ಪಾಕ ಚರ್ಮಕ್ಕೆ ಬಿದ್ದರೆ ಅಲ್ಲೇ ಅಂಟಿಕೊಂಡು ಸುಡುತ್ತದೆ, ಕುದಿಯುವ ನೀರಿಗಿಂತ ಕೆಟ್ಟ ಗಾಯ. ಮಕ್ಕಳನ್ನು ಸೇರಿಸಿಕೊಂಡು ಮಾಡುವ ಆಸೆಯಿದ್ದರೆ ಖರ್ಜೂರದ ಬಾರ್ ಮಾಡಿ. ಚಿಕ್ಕಿಯ ದಿನ ಅವರು ಅಡುಗೆಮನೆಯಿಂದ ಹೊರಗೇ ಇರಲಿ.

ಜೇನು ಮತ್ತು ಪೀನಟ್ ಬಟರ್: ಅಂಗಡಿಯ ಬಾರ್‌ಗೆ ಹತ್ತಿರ

ಅಂಗಡಿಯ ಗ್ರನೋಲಾ ಬಾರ್ ರುಚಿ ಬೇಕು ಅನ್ನುವವರಿಗೆ ಇದು. 150 ಗ್ರಾಂ ರೋಲ್ಡ್ ಓಟ್ಸ್ ಅನ್ನು ಎಣ್ಣೆ ಇಲ್ಲದೆ ಐದಾರು ನಿಮಿಷ ಹುರಿಯಿರಿ. 120 ಗ್ರಾಂ ಪೀನಟ್ ಬಟರ್ ಇರುವ ಬಟ್ಟಲನ್ನು ಬಿಸಿನೀರಿನ ಮೇಲಿಟ್ಟು ಸಡಿಲ ಮಾಡಿ, ಕೆಳಗಿಳಿಸಿ 90 ಗ್ರಾಂ ಜೇನು ಬೆರೆಸಿ. ಜೇನನ್ನು ಒಲೆಯ ಮೇಲೆ ಬಿಸಿ ಮಾಡಬಾರದು ಅನ್ನುವ ಆಯುರ್ವೇದದ ಪದ್ಧತಿ ಪಾಲಿಸುವ ಮನೆಗಳಿಗೂ ಹೀಗೆ ಮಾಡಿದರೆ ತೊಂದರೆಯಿಲ್ಲ. ಓಟ್ಸ್ ಮತ್ತು 40 ಗ್ರಾಂ ಸಿಹಿಗುಂಬಳದ ಬೀಜ ಸೇರಿಸಿ ಕಲಸಿ. ತಟ್ಟೆಗೆ ಹಾಕಿ ಬಟ್ಟಲಿನ ತಳದಿಂದ ಜೋರಾಗಿ ಒತ್ತಿ. ಇಲ್ಲಿ ಒತ್ತುವುದೇ ಮುಖ್ಯ, ಸುಮ್ನೆ ಹರಡಿದರೆ ಬಾರ್ ಉದುರುತ್ತದೆ. ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ಟು ಕತ್ತರಿಸಿದರೆ 16 ತುಂಡು.

ಪೀನಟ್ ಬಟರ್ ಕೊಳ್ಳುವಾಗ ಹಿಂದಿನ ಚೀಟಿ ಓದಿ. ಶೇಂಗಾ, ಹೆಚ್ಚೆಂದರೆ ಉಪ್ಪು, ಅಷ್ಟೇ ಇರಬೇಕು. ಎಷ್ಟೋ ಡಬ್ಬಿಗಳಲ್ಲಿ ಸಕ್ಕರೆಯೂ ತಾಳೆ ಎಣ್ಣೆಯೂ ಇರುತ್ತದೆ. ಮನೆಯಲ್ಲಿ ಮಾಡುವುದೂ ಸುಲಭ. ಹುರಿದು ಸಿಪ್ಪೆ ತೆಗೆದ ಶೇಂಗಾವನ್ನು ಮಿಕ್ಸಿಯಲ್ಲಿ ನಡುನಡುವೆ ನಿಲ್ಲಿಸುತ್ತಾ ತಿರುಗಿಸಿದರೆ ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ತನ್ನ ಎಣ್ಣೆ ತಾನೇ ಬಿಟ್ಟು ನುಣ್ಣಗಾಗುತ್ತದೆ. ಒಂದು ಹನಿ ನೀರೂ ಹಾಕಬೇಡಿ.

ಜೋನಿ ಬೆಲ್ಲ ಸಿಗುವವರು ಜೇನಿನ ಜಾಗದಲ್ಲಿ ಅದನ್ನು ಹಾಕಿ ನೋಡಿ. ಅಂಟುವ ಗುಣ ಒಂದೇ, ಬೆಲೆ ಕಡಿಮೆ, ಪೀನಟ್ ಬಟರ್ ಜೊತೆ ಅದರ ಘಮ ಜೇನಿಗಿಂತ ಚೆನ್ನಾಗಿ ಕೂಡುತ್ತದೆ. ಓಟ್ಸ್ ಇಷ್ಟವಿಲ್ಲದಿದ್ದರೆ ತೆಳು ಅವಲಕ್ಕಿಯನ್ನು ಗರಿಯಾಗಿ ಹುರಿದು, ಕೈಯಲ್ಲಿ ಸ್ವಲ್ಪ ಪುಡಿ ಮಾಡಿ ಹಾಕಬಹುದು. ಓಟ್ಸ್‌ನಲ್ಲಿ ಪ್ರೊಟೀನ್ ಮತ್ತು ನಾರು ಜಾಸ್ತಿ, ನಿಜ. ಓಟ್ಸ್‌ನಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರು ಕೊಲೆಸ್ಟ್ರಾಲ್ ಇಳಿಸಲು ಸಹಾಯ ಮಾಡುತ್ತದೆ ಅನ್ನುವುದೂ ನಿಜ. ಆದರೆ ಅದಕ್ಕೆ ದಿನಕ್ಕೆ ಮೂರು ಗ್ರಾಂ ಬೀಟಾ ಗ್ಲುಕಾನ್ ಬೇಕು. ಈ ಬಾರಿನ ಒಂದು ತುಂಡಿನಲ್ಲಿ ಇರುವುದು ಅರ್ಧ ಗ್ರಾಂಗಿಂತ ಕಡಿಮೆ. ಹಾಗಾಗಿ ಓಟ್ಸ್ ಇದೆ ಅನ್ನುವ ಒಂದೇ ಕಾರಣಕ್ಕೆ ಇದನ್ನು ಆರಿಸಬೇಡಿ. ರುಚಿ ಇಷ್ಟವಾದರೆ ಆರಿಸಿ.

ಈ ಬಾರ್‌ಗೆ ಫ್ರಿಜ್ ಬೇಕು. ಬೆಳಿಗ್ಗೆ ಬ್ಯಾಗಿಗೆ ಹಾಕಿದ್ದು ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗುತ್ತದೆ. ಮನೆಯಲ್ಲಿ ತಿನ್ನಲು ಸರಿ, ದೂರದ ಬಸ್ಸಿಗೆ ಬೇಡ. ಇನ್ನೊಂದು ಮಾತು, ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಕೊಡಬಾರದು. ಅಪರೂಪಕ್ಕೆ ಅದರಲ್ಲಿರುವ ಬ್ಯಾಕ್ಟೀರಿಯಾದಿಂದ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಅಪಾಯವಿದೆ.

ತುಪ್ಪ ಮತ್ತು ಹುರಿಗಡಲೆ: ತಂಬಿಟ್ಟಿನ ದಾರಿ

ಉತ್ತರ ಕರ್ನಾಟಕದವರು ಪುಟಾಣಿ ಅನ್ನುವ ಹುರಿಗಡಲೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹುರಿದೇ ಬಂದಿರುತ್ತದೆ, ಮಿಕ್ಸಿಯಲ್ಲಿ ಒಂದು ನಿಮಿಷಕ್ಕೆ ನುಣ್ಣಗೆ ಹಿಟ್ಟಾಗುತ್ತದೆ, ನೂರು ಗ್ರಾಂಗೆ 20 ಗ್ರಾಂ ಮೇಲೆ ಪ್ರೊಟೀನ್ ಇದೆ, ಬೆಲೆಯೂ ಬಾದಾಮಿಯ ಹತ್ತಿರಕ್ಕೂ ಬರುವುದಿಲ್ಲ.

ಹುರಿಗಡಲೆ ಹಿಟ್ಟು 150 ಗ್ರಾಂ, ರಾಗಿ ಹುರಿಹಿಟ್ಟು 50 ಗ್ರಾಂ, ಬೆಲ್ಲದ ಪುಡಿ 100 ಗ್ರಾಂ, ಹುರಿದ ಎಳ್ಳು 20 ಗ್ರಾಂ, ತುಪ್ಪ 80 ಗ್ರಾಂ. ತುಪ್ಪ ಬಿಸಿ ಮಾಡಿ, ಉಳಿದದ್ದೆಲ್ಲ ಬೆರೆಸಿದ ಪುಡಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ನಿಲ್ಲಬೇಕು. ತಟ್ಟೆಗೆ ಗಟ್ಟಿಯಾಗಿ ಒತ್ತಿ, ತುಪ್ಪ ಹೆಪ್ಪುಗಟ್ಟಲು ಬಿಟ್ಟು ಕತ್ತರಿಸಿ. ಹುರಿಹಿಟ್ಟು ಅಂದರೆ ರಾಗಿಯನ್ನು ಅರಳಿಸಿ ಮಾಡಿದ ಹಿಟ್ಟು. ಮುದ್ದೆಗೆ ಬಳಸುವ ಹಸಿ ಹಿಟ್ಟು ಹಾಕುವುದಾದರೆ ತುಪ್ಪದಲ್ಲಿ ಚೆನ್ನಾಗಿ ಹುರಿಯಬೇಕು, ಇಲ್ಲದಿದ್ದರೆ ಹೊಟ್ಟೆಗೆ ಭಾರ.

ಹಲ್ಲು ಬಾರದವರಿಂದ ಹಲ್ಲು ಬಿದ್ದವರವರೆಗೆ ಎಲ್ಲರಿಗೂ ಆಗುವ ಬಾರ್ ಇದೊಂದೇ. ಬಾಯಲ್ಲಿಟ್ಟರೆ ಕರಗುತ್ತದೆ. ಪುಟ್ಟ ಮಕ್ಕಳಿಗೆ ಕೊಡುವುದಾದರೆ ಎಳ್ಳನ್ನೂ ಪುಡಿ ಮಾಡಿ ಹಾಕಿ. ಇದರ ತೊಂದರೆ ತುಪ್ಪವೇ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಬಾರ್ ಆಕಾರ ಬಿಟ್ಟು ಕುಸಿಯುತ್ತದೆ. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಳೇ ರೀತಿಯಲ್ಲಿ ಉಂಡೆ ಕಟ್ಟುವುದೇ ವಾಸಿ. ಬೇರೆ ಕಡೆ ಡಬ್ಬಿಯಲ್ಲಿ ಹತ್ತು ಹದಿನೈದು ದಿನ ಇರುತ್ತದೆ. ಹಸಿ ತೆಂಗಿನಕಾಯಿ ಸೇರಿಸಿದರೆ ಮಾತ್ರ ಎರಡೇ ದಿನ, ಕೊಬ್ಬರಿ ಹಾಕಿದರೆ ಚಿಂತೆಯಿಲ್ಲ.

ರಾಗಿ ಇದೆ, ಹಾಗಾಗಿ ಕ್ಯಾಲ್ಸಿಯಂ ಭರಪೂರ ಅಂತ ಇದನ್ನು ಹೊಗಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಒಂದು ತುಂಡಿನಲ್ಲಿರುವ ರಾಗಿ ಮೂರು ಗ್ರಾಂ. ಬರುವುದು ಹತ್ತು ಮಿಲಿಗ್ರಾಂ ಅಷ್ಟೇ. ರಾಗಿಯ ಲಾಭ ಬೇಕಾದರೆ ಮುದ್ದೆ, ರೊಟ್ಟಿ, ಅಂಬಲಿ ಇವೆಯಲ್ಲ.

ಸಕ್ಕರೆಯ ಲೆಕ್ಕ

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಯಾವುದು ಆರೋಗ್ಯಕ್ಕೆ ಒಳ್ಳೆಯದು? ಖರ್ಜೂರ ಹಾಕಿದ್ದೇವೆ, ಸಕ್ಕರೆಯೇ ಇಲ್ಲ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ಪೂರ್ತಿ ಸರಿಯಲ್ಲ. ಖರ್ಜೂರದ ತೂಕದಲ್ಲಿ ನೂರಕ್ಕೆ ಸುಮಾರು 64 ಪಾಲು ಸಕ್ಕರೆಯೇ. ಬೆಲ್ಲದಲ್ಲಿ 85ರ ಮೇಲೆ, ಜೇನಿನಲ್ಲಿ 80 ದಾಟುತ್ತದೆ.

ಮೇಲೆ ಕೊಟ್ಟ ಅಳತೆಯಲ್ಲಿ ಮಾಡಿ, 25 ಗ್ರಾಂನ ತುಂಡು ಕತ್ತರಿಸಿದರೆ ಹೀಗಾಗುತ್ತದೆ. ಶೇಂಗಾ ಚಿಕ್ಕಿಯಲ್ಲಿ ಬೆಲ್ಲದಿಂದ ಬಂದ ಸಕ್ಕರೆ ಒಂಬತ್ತೂವರೆ ಗ್ರಾಂ. ಖರ್ಜೂರದ ಬಾರಿನಲ್ಲಿ ಖರ್ಜೂರದಿಂದ ಬಂದದ್ದು ಒಂಬತ್ತು ಗ್ರಾಂ ಮೇಲೆ. ಎರಡೂ ಹೆಚ್ಚುಕಡಿಮೆ ಸಮ! ತುಪ್ಪದ ಬಾರಿನಲ್ಲಿ ಐದೂವರೆ, ಜೇನು ಪೀನಟ್ ಬಟರ್ ಬಾರಿನಲ್ಲಿ ನಾಲ್ಕೂವರೆ. ಅಂದರೆ ಸಕ್ಕರೆ ಕಡಿಮೆ ಇರಬೇಕು ಅನ್ನುವವರಿಗೆ ಕೊನೆಯ ಎರಡೇ ಸರಿ. ಖರ್ಜೂರದಲ್ಲಿ ಸಕ್ಕರೆಯ ಜೊತೆ ಹಣ್ಣಿನ ನಾರೂ ಬರುತ್ತದೆ, ಒಂದು ತುಂಡಿಗೆ ಒಂದು ಗ್ರಾಂನಷ್ಟು. ಆ ಮಟ್ಟಿಗೆ ಅದು ಬೆಲ್ಲಕ್ಕಿಂತ ಮೇಲು. ಬೆಲ್ಲದಲ್ಲಿ ಕಬ್ಬಿಣ ಇದೆ ಅನ್ನುವುದು ಸುಳ್ಳಲ್ಲ, ಆದರೆ ಒಂದು ತುಂಡು ಚಿಕ್ಕಿಯಲ್ಲಿರುವ ಬೆಲ್ಲ 11 ಗ್ರಾಂ. ಅಷ್ಟರಿಂದ ರಕ್ತಹೀನತೆ ಹೋಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಪ್ರಕಾರ ದಿನದ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಮಾತ್ರ ತಿಂಡಿ, ಪಾನೀಯಕ್ಕೆ ಬೆರೆಸುವ ಸಕ್ಕರೆಯಿಂದ ಬರಬೇಕು. ಶೇಕಡಾ ಐದಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು, ಅದು ದೊಡ್ಡವರಿಗೆ ದಿನಕ್ಕೆ 25 ಗ್ರಾಂ ಹತ್ತಿರ. ಬೆಲ್ಲ, ಜೇನು ಎರಡೂ ಈ ಲೆಕ್ಕದಲ್ಲಿ ಬರುತ್ತವೆ. ಎರಡು ಸಲ ಕಾಫಿ, ಟೀ ಕುಡಿದು ಮೇಲೆ ಎರಡು ತುಂಡು ಚಿಕ್ಕಿ ತಿಂದರೆ 25 ಗ್ರಾಂ ಮುಗಿದೇ ಹೋಯಿತು. ಸಕ್ಕರೆ ಕಾಯಿಲೆ ಇರುವವರು ನಾಲ್ಕರಲ್ಲಿ ಯಾವುದನ್ನೂ ಡಾಕ್ಟರನ್ನು ಕೇಳದೆ ದಿನನಿತ್ಯದ ತಿಂಡಿ ಮಾಡಿಕೊಳ್ಳಬೇಡಿ. ಖರ್ಜೂರದ್ದು ಅಂತ ಬಾಕ್ಸ್ ತುಂಬಾ ತಂದುಕೊಡುವ ನೆಂಟರಿಗೂ ಇದನ್ನು ಪ್ರೀತಿಯಿಂದಲೇ ಹೇಳಿ.

ಕ್ಯಾಲರಿಯಲ್ಲಿ ನಾಲ್ಕಕ್ಕೂ ಅಂಥ ವ್ಯತ್ಯಾಸವಿಲ್ಲ. ಯಾವ ತುಂಡಾದರೂ 100ರಿಂದ 120ರ ಆಸುಪಾಸು. ಹಾಗಾಗಿ ಏನು ಹಾಕಿದಿರಿ ಅನ್ನುವಷ್ಟೇ ಮುಖ್ಯ ಎಷ್ಟು ದೊಡ್ಡದಾಗಿ ಕತ್ತರಿಸಿದಿರಿ ಅನ್ನೋದು. ಮನೆಯಲ್ಲಿ ಸಣ್ಣ ತಕ್ಕಡಿ ಇದ್ದರೆ ಮೊದಲ ತುಂಡನ್ನು ತೂಗಿ ನೋಡಿ. ಕಣ್ಣಂದಾಜಿಗೆ ಕತ್ತರಿಸಿದ್ದು ಸುಲಭವಾಗಿ 50 ಗ್ರಾಂ ಇರುತ್ತದೆ.

ಯಾರಿಗೆ ಯಾವುದು

ಬೆಂಗಳೂರು, ಮೈಸೂರಿನ ಹವೆಗೆ ನಾಲ್ಕೂ ಆಗುತ್ತವೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಚಿಕ್ಕಿ ಗಾಳಿಯ ತೇವ ಎಳೆದುಕೊಂಡು ಅಂಟಂಟಾಗುತ್ತದೆ. ಮಾಡಲೇಬೇಕಿದ್ದರೆ ಒಂದೊಂದೇ ತುಂಡನ್ನು ಬಟರ್ ಪೇಪರಿನಲ್ಲಿ ಸುತ್ತಿ ಗಾಳಿಯಾಡದ ಡಬ್ಬಿಗೆ ಹಾಕಿ. ಇಲ್ಲವೇ ಆ ಮೂರು ತಿಂಗಳು ಖರ್ಜೂರದ ಬಾರ್ ಮಾಡಿ, ಅದಕ್ಕೆ ಗರಿ ಕಳೆದುಕೊಳ್ಳುವ ಭಯವೇ ಇಲ್ಲ. ಒಣ ಹವೆಯ ಕಡೆ ಚಿಕ್ಕಿ ಮೂರು ನಾಲ್ಕು ವಾರ ಕದಲುವುದಿಲ್ಲ. ಟ್ರೆಕ್ಕಿಂಗ್‌ಗೆ, ರಾತ್ರಿ ಬಸ್ಸಿಗೆ, ಹಾಸ್ಟೆಲ್‌ನಲ್ಲಿರುವ ಮಗನಿಗೆ ಕಳಿಸಲು ನಾನು ಬೇರೆ ಯಾವುದನ್ನೂ ಯೋಚಿಸುವುದಿಲ್ಲ.

ಶಾಲೆಯ ಡಬ್ಬಿಗೆ ತುಪ್ಪದ ಬಾರ್ ಚೆನ್ನ, ಕೈ ಅಂಟಾಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ, ಗಟ್ಟಿ ಚಿಕ್ಕಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ವ್ಯಾಯಾಮ ಮಾಡುವವರು ಪ್ರೊಟೀನ್ ನೋಡುತ್ತಾರೆ. ಶೇಂಗಾ ಚಿಕ್ಕಿಯಲ್ಲೂ ಪೀನಟ್ ಬಟರ್ ಬಾರಿನಲ್ಲೂ ಒಂದು ತುಂಡಿಗೆ ಮೂರೂವರೆ ಗ್ರಾಂ ಹತ್ತಿರ, ಉಳಿದ ಎರಡರಲ್ಲಿ ಎರಡೂವರೆ ಗ್ರಾಂ ಆಸುಪಾಸು. ಇದರ ಮೇಲೆ ದೊಡ್ಡ ಭರವಸೆ ಇಡಬೇಡಿ. ಒಂದು ಲೋಟ ಹಾಲಿನಲ್ಲೇ ಇದಕ್ಕಿಂತ ಜಾಸ್ತಿ ಇದೆ.

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿರುವ ನಮ್ಮವರಿಗೆ ಬೇರೆಯೇ ಸಮಸ್ಯೆ. ಅಲ್ಲಿ ಎಷ್ಟೋ ಶಾಲೆಗಳು ಅಲರ್ಜಿಯ ಕಾರಣಕ್ಕೆ ಶೇಂಗಾ, ಗೋಡಂಬಿ, ಬಾದಾಮಿ ಇರುವ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಖರ್ಜೂರದ ಬಾರ್‌ಗೆ ಸೂರ್ಯಕಾಂತಿ ಮತ್ತು ಸಿಹಿಗುಂಬಳದ ಬೀಜ ಮಾತ್ರ ಹಾಕಿದರೆ ಅಲ್ಲಿಗೆ ಹೊಂದುತ್ತದೆ. ಶೇಂಗಾ ಬದಲು ಎಳ್ಳು ಹಾಕೋಣ ಅಂತ ಹೊರಡುವ ಮೊದಲು ಶಾಲೆಯನ್ನು ಕೇಳಿ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ಪ್ಯಾಕೆಟ್ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿ ಪದಾರ್ಥಗಳ ಸಾಲಿಗೆ ಸೇರಿಸಿದ್ದಾರೆ.

ಸಂಕ್ರಾಂತಿ ಕಳೆದ ಮೇಲೆ ಡಬ್ಬಿಗಳಲ್ಲಿ ಉಳಿಯುವ ಎಳ್ಳು ಬೆಲ್ಲಕ್ಕೂ ಇಲ್ಲಿ ದಾರಿ ಇದೆ. ಎಳ್ಳು, ಶೇಂಗಾ, ಹುರಿಗಡಲೆ, ಕೊಬ್ಬರಿ, ಬೆಲ್ಲ ಎಲ್ಲ ಅದರಲ್ಲಿ ಸೇರಿಯೇ ಇರುತ್ತವೆ. ಸಕ್ಕರೆ ಅಚ್ಚು, ಬಣ್ಣದ ಜೀರಿಗೆ ಮಿಠಾಯಿ ಇದ್ದರೆ ಆರಿಸಿ ತೆಗೆಯಿರಿ. ಉಳಿದದ್ದು 250 ಗ್ರಾಂ ಇದ್ದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತರಿತರಿಯಾಗಿ ಪುಡಿ ಮಾಡಿ, 120 ಗ್ರಾಂ ಅರೆದ ಖರ್ಜೂರ ಸೇರಿಸಿ ಒತ್ತಿ. ಬೆಲ್ಲ ಆಗಲೇ ಇರುವುದರಿಂದ ಖರ್ಜೂರ ಇದಕ್ಕಿಂತ ಜಾಸ್ತಿ ಬೇಡ. ಕತ್ತರಿಸುವಾಗ ಅಂಚು ಉದುರಿದರೆ ಆ ಪುಡಿಯನ್ನು ಬೇರೆ ಡಬ್ಬಿಯಲ್ಲಿಟ್ಟು, ಬೆಳಿಗ್ಗೆ ಗಟ್ಟಿ ಮೊಸರಿನ ಮೇಲೆ ಉದುರಿಸಿಕೊಂಡು ತಿನ್ನಿ.